ಮನೆಯಲ್ಲಿ ಹೆಬ್ಬಾವು, ಆಮೆ, ಗಿಳಿ ಸಾಕಿದ್ದೀರಾ? ಅಮೆರಿಕದಲ್ಲಿ ಮನೆ ಇನ್ಶೂರೆನ್ಸ್ ಮಾಡಿಸುವ ಸಮಗ್ರ ಮಾರ್ಗದರ್ಶಿ

ಟೆಕ್ಸಸ್‌ನಲ್ಲಿ ನಾವು ಮನೆ ಕೊಂಡ ವರ್ಷ. ಗೃಹಪ್ರವೇಶಕ್ಕೆ ಕಟ್ಟಿದ ತೋರಣ ಇನ್ನೂ ಬಾಗಿಲಲ್ಲೇ ಇತ್ತು, ಅಷ್ಟರಲ್ಲಿ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ಬಂತು. ಹತ್ತು ದಿನದಲ್ಲಿ ಪಾಲಿಸಿ ರದ್ದಾಗುತ್ತದೆ ಎಂದಿತ್ತು. ಕಾರಣ ಒಂದೇ ಸಾಲು: ಮನೆಯಲ್ಲಿ ಅರ್ಜಿಯಲ್ಲಿ ತಿಳಿಸದ ಪ್ರಾಣಿಗಳಿವೆ. ಹಿಂದಿನ ವಾರ ಕಂಪನಿಯ ಕಡೆಯಿಂದ ಒಬ್ಬರು ಮನೆಯ ಹೊರಭಾಗದ ಫೋಟೋ ತೆಗೆಯಲು ಬಂದಿದ್ದರು. ಅವರು ಹಿತ್ತಲಿಗೆ ಹೋದಾಗ ನಮ್ಮ ಸಲ್ಕಾಟಾ ಆಮೆ ಬೇಲಿಯ ಪಕ್ಕ ಹುಲ್ಲು ಮೇಯುತ್ತಿತ್ತು. ಮಗನ ಕೋಣೆಯ ಕಿಟಕಿಯಲ್ಲಿ ಬಾಲ್ ಪೈಥಾನ್ ಇರುವ ಗಾಜಿನ ಪೆಟ್ಟಿಗೆಯೂ ಕಾಣುತ್ತಿತ್ತು.

ಅರ್ಜಿ ತುಂಬುವಾಗ ಏಜೆಂಟ್ ಕೇಳಿದ್ದು "ನಾಯಿ ಇದೆಯಾ?" ಅಂತ ಮಾತ್ರ. ಇಲ್ಲ ಅಂದೆವು. ಆಮೆ, ಹಾವಿನ ವಿಷಯ ನಾನಾಗಿ ಎತ್ತಿದಾಗ "ಅದನ್ನೆಲ್ಲ ಬರೆಯೋದು ಬೇಡ" ಅಂದರು. ಅವರ ಮಾತು ಕೇಳಿ ನಾನು ಸುಮ್ಮನಾದೆ. ಆ ಹತ್ತು ದಿನ ಊಟ ರುಚಿಸಲಿಲ್ಲ, ನಿದ್ದೆ ಬರಲಿಲ್ಲ. ಸಾಲ ಕೊಟ್ಟ ಬ್ಯಾಂಕು ಏನನ್ನುತ್ತದೋ ಎಂಬ ಭಯ ಒಂದು ಕಡೆ, ಆಮೆಯನ್ನು ಬೇರೆಯವರಿಗೆ ಕೊಟ್ಟುಬಿಡಬೇಕಾಗುತ್ತದಾ ಎಂದು ಮಗನ ಅಳು ಇನ್ನೊಂದು ಕಡೆ.

ಕೊನೆಗೆ ಇನ್ನೊಬ್ಬ ಏಜೆಂಟರ ಮೂಲಕ ಪಾಲಿಸಿ ಸಿಕ್ಕಿತು. ಆಮೆ ಇದೆ, ಹಾವೂ ಇದೆ. ಅವತ್ತಿನಿಂದ ನಾನು ಓದಿ, ಕೇಳಿ, ಪಾಲಿಸಿಯ ಪುಟಪುಟ ತಿರುವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಸ್ವಂತ ಮನೆ ಇರುವ, ಮಕ್ಕಳ ಹಟಕ್ಕೋ ಸ್ವಂತ ಪ್ರೀತಿಗೋ ನಾಯಿ-ಬೆಕ್ಕಲ್ಲದ ಪ್ರಾಣಿ ಸಾಕಿರುವ ಕನ್ನಡಿಗರಿಗಾಗಿ ಇದು.

## ಪಾಲಿಸಿ ನಿಮ್ಮ ಪ್ರಾಣಿಯನ್ನು ಹೇಗೆ ನೋಡುತ್ತದೆ

ಅಂಗಡಿಗೆ ಹೋಗುವ ಮೊದಲು ಸರಕಿನ ಪರಿಚಯ ಇರಬೇಕು. ಇಲ್ಲಿ ಸ್ವಂತ ಮನೆಗೆ ಸಾಮಾನ್ಯವಾಗಿ ಸಿಗುವುದು ಎಚ್‌ಓ-3 ಎಂಬ ನಮೂನೆಯ ಪಾಲಿಸಿ. ಕಾಂಡೊ ಆದರೆ ಎಚ್‌ಓ-6, ಬಾಡಿಗೆ ಮನೆಯಾದರೆ ಎಚ್‌ಓ-4. ಎಚ್‌ಓ-3ರಲ್ಲಿ ಆರು ಭಾಗಗಳು: ‘ಎ’ ಮನೆಯ ಕಟ್ಟಡಕ್ಕೆ, ‘ಬಿ’ ಶೆಡ್ಡು, ಬೇಲಿಯಂಥವಕ್ಕೆ, ‘ಸಿ’ ಮನೆಯೊಳಗಿನ ಸಾಮಾನಿಗೆ, ‘ಡಿ’ ಮನೆ ವಾಸಕ್ಕೆ ಯೋಗ್ಯವಲ್ಲದಾಗ ಹೊರಗೆ ಇರುವ ಖರ್ಚಿಗೆ, ‘ಇ’ ಬೇರೆಯವರಿಗೆ ನಮ್ಮಿಂದಾದ ಹಾನಿಯ ಹೊಣೆಗೆ, ‘ಎಫ್’ ಹೊರಗಿನವರ ಚಿಕಿತ್ಸೆಯ ಸಣ್ಣ ಖರ್ಚಿಗೆ.

ಪ್ರಾಣಿ ಸಾಕಿದವರು ಸಾಮಾನ್ಯವಾಗಿ ‘ಸಿ’ ಭಾಗ ಹುಡುಕುತ್ತಾರೆ: "ನನ್ನ ಗಿಳಿಗೆ ಎರಡು ಸಾವಿರ ಡಾಲರ್ ಕೊಟ್ಟಿದ್ದೇನೆ, ಬೆಂಕಿ ಬಿದ್ದರೆ ದುಡ್ಡು ಬರುತ್ತಾ?" ಬರುವುದಿಲ್ಲ. ಪ್ರಾಣಿ, ಪಕ್ಷಿ, ಮೀನು ಈ ವಿಮೆಯೊಳಗೆ ಬರುವ ಸಾಮಾನಲ್ಲ ಎಂದು ಆ ಭಾಗದಲ್ಲಿ ನೇರವಾಗಿಯೇ ಬರೆದಿದೆ. ಪ್ರಾಣಿಯ ಚಿಕಿತ್ಸೆಗೆ ಬೇಕಾದುದು ಪೆಟ್ ಇನ್ಶೂರೆನ್ಸ್, ಅದು ಬೇರೆಯೇ. ನೇಶನ್‌ವೈಡ್‌ನಂಥ ಕಂಪನಿ ಪಕ್ಷಿ, ಸರೀಸೃಪಗಳಿಗೂ ಅದನ್ನು ಮಾರುತ್ತದೆ. ಆದರೆ ನಿಮ್ಮ ಹಾವು ನೆರೆಯವರನ್ನು ಕಚ್ಚಿದರೆ ಪೆಟ್ ಇನ್ಶೂರೆನ್ಸ್ ಕೈ ಹಿಡಿಯುವುದಿಲ್ಲ.

‘ಎ’ ಮತ್ತು ‘ಬಿ’ ಭಾಗದಲ್ಲೂ ಒಂದು ಗುಂಡಿ ಇದೆ. ನೀವು ಸಾಕಿದ ಪ್ರಾಣಿಯೇ ಮನೆಗೆ ಮಾಡಿದ ಹಾನಿಗೆ ಪರಿಹಾರ ಇಲ್ಲ. ಗಿಳಿ ಬಾಗಿಲಿನ ಚೌಕಟ್ಟನ್ನು ಕಡಿದು ಪುಡಿ ಮಾಡಿದರೆ, ಇಗ್ವಾನಾ ಗೋಡೆಯ ಡ್ರೈವಾಲ್ ಕೆರೆದರೆ ಖರ್ಚು ನಿಮ್ಮದೇ. ಸಲ್ಕಾಟಾ ಆಮೆ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾಗಿ ಮನೆಗೆ ಬರುವ ಈ ಆಫ್ರಿಕದ ಆಮೆ ಬೆಳೆದರೆ ನಲವತ್ತು ಕಿಲೋ ಮುಟ್ಟುತ್ತದೆ, ಸುರಂಗ ತೋಡುವುದು ಅದರ ಹುಟ್ಟುಗುಣ. ಬೇಲಿಯ ಬುಡ ಸಡಿಲವಾದರೂ ಅಡಿಪಾಯದ ಪಕ್ಕದ ಮಣ್ಣು ಕುಸಿದರೂ ಕಂಪನಿ ಕೈ ಎತ್ತುತ್ತದೆ.

ಇನ್ನು ‘ಇ’. ಈ ಲೇಖನದ ಜೀವ ಇದು. ನಿಮ್ಮ ಪ್ರಾಣಿಯಿಂದ ಬೇರೆಯವರಿಗೆ ಪೆಟ್ಟಾಗಿ ಅವರು ದಾವೆ ಹೂಡಿದರೆ ವಕೀಲರ ಖರ್ಚು, ಪರಿಹಾರದ ಮೊತ್ತ ಎರಡನ್ನೂ ಕಂಪನಿ ಭರಿಸುವುದು ಈ ಭಾಗದಿಂದ. ನಾವು ಇನ್ಶೂರೆನ್ಸ್ ಮಾಡಿಸುತ್ತಿರುವುದು ಹಾವಿಗಲ್ಲ, ಹಾವಿನ ಮುಂದೆ ಕೈ ಚಾಚುವ ಪಕ್ಕದ ಮನೆಯ ಮಗುವಿಗೆ. ಇದು ಮನಸ್ಸಿಗೆ ಬಂದ ದಿನ ಎಲ್ಲ ಪ್ರಶ್ನೆಗಳೂ ಸರಿಯಾದ ಜಾಗಕ್ಕೆ ಬಂದು ಕೂರುತ್ತವೆ.

ಎಚ್‌ಓ-3ರ ಮೂಲ ನಮೂನೆಯ ‘ಇ’ ಭಾಗದಲ್ಲಿ ಸಾಕುಪ್ರಾಣಿಯಿಂದಾಗುವ ಗಾಯವನ್ನು ಹೊರಗಿಟ್ಟಿಲ್ಲ. ಹೊರಗಿಡುವುದು ಕಂಪನಿಗಳು, ಪಾಲಿಸಿಯ ಕೊನೆಯಲ್ಲಿ ಅಂಟಿಸುವ ಎಂಡಾರ್ಸ್‌ಮೆಂಟ್ ಹಾಳೆಗಳ ಮೂಲಕ. ಕೆಲವು ಹಾಳೆ ಯಾವ ಪ್ರಾಣಿಯಿಂದಾದ ಗಾಯಕ್ಕೂ ಪರಿಹಾರವಿಲ್ಲ ಎನ್ನುತ್ತದೆ. ಕೆಲವು ಹಾವು, ಮಂಗ, ತೋಳದ ಮಿಶ್ರತಳಿ ಎಂದು ಹೆಸರು ಹಿಡಿದು ಹೊರಗಿಡುತ್ತವೆ. ಇನ್ನು ಕೆಲವು ಪರಿಹಾರ ಉಂಟು ಎನ್ನುತ್ತವೆ, ಆದರೆ 25,000 ಅಥವಾ 50,000 ಡಾಲರಿಗೆ ಮಿತಿ ಹಾಕುತ್ತವೆ. ಮೊದಲ ಪುಟದಲ್ಲಿ 300,000 ಎಂದು ಇರುತ್ತದೆ, ಮೂವತ್ತನೆಯ ಪುಟದಲ್ಲಿ 25,000 ಎಂದು ಇರುತ್ತದೆ. ಅದಕ್ಕೇ ಕೊನೆಯ ಪುಟಗಳನ್ನು ಮೊದಲು ಓದಿ.

## ಕಂಪನಿಗಳು ಯಾಕೆ ಹಿಂಜರಿಯುತ್ತವೆ

ಅವರ ಲೆಕ್ಕ ಅರ್ಥವಾದರೆ ಮಾತಾಡುವುದು ಸುಲಭ. ಅಮೆರಿಕದ ಹಳೆಯ ನ್ಯಾಯತತ್ವದ ಪ್ರಕಾರ ಸಾಕುನಾಯಿ ಕಚ್ಚಿದರೆ, ಅದು ಕಚ್ಚುವ ಸ್ವಭಾವದ್ದು ಎಂದು ಒಡೆಯರಿಗೆ ಗೊತ್ತಿತ್ತೇ ಎಂಬ ಪ್ರಶ್ನೆ ಬರುತ್ತದೆ. ಎಷ್ಟೋ ರಾಜ್ಯಗಳು ಕಾಯಿದೆ ಮಾಡಿ ನಾಯಿಯ ವಿಷಯದಲ್ಲೂ ಇದನ್ನು ಬಿಗಿಗೊಳಿಸಿವೆ. ಕಾಡುಪ್ರಾಣಿಯಾದರೆ ಆ ಪ್ರಶ್ನೆಯೇ ಇಲ್ಲ. ನೀವು ಎಷ್ಟೇ ಎಚ್ಚರ ವಹಿಸಿದ್ದರೂ ಅದರಿಂದಾದ ಗಾಯಕ್ಕೆ ನೀವೇ ಹೊಣೆ. "ನಮ್ಮದು ತುಂಬ ಸಾಧು, ಮಗುವಿನ ಹಾಗೆ" ಎಂಬ ಮಾತಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ನೋಡುವುದು ಆ ಜಾತಿಯನ್ನು, ಆ ಒಂದು ಪ್ರಾಣಿಯನ್ನಲ್ಲ. ಸಾಮಾನ್ಯವಾಗಿ ಪಳಗಿಸದ, ಕಟ್ಟಿಹಾಕದಿದ್ದರೆ ಮನುಷ್ಯರಿಗೆ ಗಾಯ ಮಾಡುವ ಸಂಭವವಿರುವ ವರ್ಗಕ್ಕೆ ಸೇರಿದ್ದೇ ಎಂಬುದು ಅಲ್ಲಿನ ಅಳತೆ. ಚಿಂಪಾಂಜಿ ಖಂಡಿತ ಸೇರುತ್ತದೆ. ಬಾಲ್ ಪೈಥಾನ್ ಸೇರುತ್ತದೆಯೇ ಎಂಬುದು ವಾದಕ್ಕೆ ಬಿಟ್ಟದ್ದು.

ಚಿಂಪಾಂಜಿ ಎಂದಾಗ 2009ರ ಫೆಬ್ರವರಿಯಲ್ಲಿ ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ನಡೆದದ್ದು ಈ ಉದ್ಯಮದ ನೆನಪಿನಿಂದ ಹೋಗಿಲ್ಲ. ಮನೆಯಲ್ಲೇ ಬೆಳೆದ, ಮನೆಯವರ ಜತೆ ಕೂತು ಉಣ್ಣುತ್ತಿದ್ದ ಟ್ರಾವಿಸ್ ಎಂಬ ಚಿಂಪಾಂಜಿ ಒಡತಿಯ ಗೆಳತಿಯ ಮೇಲೆ ಎರಗಿ ಮುಖ, ಕೈಗಳನ್ನು ಕಿತ್ತುಹಾಕಿತು. ಆ ಒಡತಿ ತೀರಿಕೊಂಡ ಮೇಲೆ ಅವರ ಆಸ್ತಿಯಿಂದ ಸುಮಾರು 40 ಲಕ್ಷ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥವಾಯಿತು. ನಾಯಿಗಳ ಲೆಕ್ಕವೂ ಸಣ್ಣದಲ್ಲ: ಇನ್ಶೂರೆನ್ಸ್ ಇನ್ಫರ್ಮೇಶನ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಅಂಕಿಯಂತೆ 2023ರಲ್ಲಿ ನಾಯಿಯಿಂದಾದ ಗಾಯದ ಒಂದೊಂದು ಕ್ಲೈಮಿಗೆ ಸರಾಸರಿ 58,545 ಡಾಲರ್ ಹೋಗಿದೆ. ನಾಯಿಯ ವಿಷಯದಲ್ಲಿ ಹತ್ತಾರು ವರ್ಷಗಳ ಅಂಕಿಅಂಶ ಇರುವುದರಿಂದ ಪ್ರೀಮಿಯಂ ನಿಗದಿ ಮಾಡುವುದು ಅವರಿಗೆ ಸುಲಭ. ಟೆಗು ಹಲ್ಲಿಗೆ ಅಂಥ ಲೆಕ್ಕ ಎಲ್ಲಿಂದ ತರುತ್ತಾರೆ? ಲೆಕ್ಕ ಇಲ್ಲದ ಕಡೆ "ಬೇಡ" ಎನ್ನುವುದೇ ಅವರಿಗೆ ಸಲೀಸು.

ಒಂದು ತಪ್ಪು ತಿಳಿವಳಿಕೆ ಆಗಾಗ ಕೇಳುತ್ತೇನೆ. ನ್ಯೂಯಾರ್ಕ್, ನೆವಾಡಾದಂಥ ರಾಜ್ಯಗಳಲ್ಲಿ ನಾಯಿಯ ತಳಿ ನೋಡಿ ಪಾಲಿಸಿ ನಿರಾಕರಿಸಬಾರದೆಂಬ ಕಾನೂನು ಬಂದಿದೆಯಲ್ಲ, ನಮಗೂ ಅನ್ವಯಿಸುತ್ತದೆ ಎಂದು. ಅದು ನಾಯಿಗಳಿಗಷ್ಟೇ.

## ಹೆಜ್ಜೆ 1: ಪ್ರಾಣಿ ಕಾನೂನುಬದ್ಧವೇ ನೋಡಿ

ಇನ್ಶೂರೆನ್ಸ್‌ಗಿಂತ ಮೊದಲು ಇದು. ಫೆಡರಲ್, ರಾಜ್ಯ, ಕೌಂಟಿ, ಊರು, ಕೊನೆಗೆ ನಿಮ್ಮ ಬಡಾವಣೆಯ ಮನೆ ಮಾಲೀಕರ ಸಂಘ (ಎಚ್‌ಓಎ), ಹೀಗೆ ಐದು ಮೆಟ್ಟಿಲುಗಳನ್ನೂ ನೋಡಬೇಕು. ಒಂದು ರಾಜ್ಯದಲ್ಲಿ ಅಂಗಡಿಯಲ್ಲೇ ಸಿಗುವ ಪ್ರಾಣಿ ಪಕ್ಕದ ರಾಜ್ಯದಲ್ಲಿ ಅಪರಾಧವಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್, ಹೆಡ್ಜ್‌ಹಾಗ್, ಜರ್ಬಿಲ್, ಶುಗರ್ ಗ್ಲೈಡರ್, ಕ್ವೇಕರ್ ಗಿಳಿ ಸಾಕುವಂತಿಲ್ಲ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ, ಹ್ಯಾಮ್‌ಸ್ಟರ್ ಕೂಡ ಇಲ್ಲ. ನ್ಯೂಯಾರ್ಕ್ ನಗರದಲ್ಲಿ ಫೆರೆಟ್, ಹೆಡ್ಜ್‌ಹಾಗ್ ನಿಷಿದ್ಧ. ಫ್ಲಾರಿಡಾ 2021ರಲ್ಲಿ ಹಸಿರು ಇಗ್ವಾನಾ ಮತ್ತು ಟೆಗುಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. ಕೆಲಸ ಬದಲಾಯಿಸಿ ರಾಜ್ಯ ಬದಲಾಯಿಸುವ ನಮ್ಮಂಥವರು ಟ್ರಕ್ ಬುಕ್ ಮಾಡುವ ಮೊದಲೇ ಇದನ್ನು ನೋಡಿಕೊಳ್ಳಬೇಕು.

ಕೆಲವು ರಾಜ್ಯಗಳಲ್ಲಿ ಇನ್ಶೂರೆನ್ಸ್ ಮಾಡಿಸುವುದೇ ಕಾನೂನು. ಟೆಕ್ಸಸ್‌ನಲ್ಲಿ ‘ಅಪಾಯಕಾರಿ ಕಾಡುಪ್ರಾಣಿ’ಗಳ ಪಟ್ಟಿ ಇದೆ: ಹುಲಿ, ಸಿಂಹ, ಕರಡಿಯ ಜತೆ ಸರ್ವಲ್, ಕ್ಯಾರಕಲ್, ಬಾಬ್‌ಕ್ಯಾಟ್ ಎಂಬ ಕಾಡುಬೆಕ್ಕುಗಳು, ಚಿಂಪಾಂಜಿ, ಬಬೂನ್ ಕೂಡ ಅದರಲ್ಲಿವೆ. ಇವುಗಳಿಗೆ ನೋಂದಣಿ ಬೇಕು, ಪ್ರತಿ ಘಟನೆಗೆ ಕನಿಷ್ಠ 100,000 ಡಾಲರಿನ ಹೊಣೆಗಾರಿಕೆ ವಿಮೆಯೂ ಬೇಕು. ಓಹಾಯೊದ ಝೇನ್ಸ್‌ವಿಲ್‌ನಲ್ಲಿ 2011ರ ಅಕ್ಟೋಬರಿನಲ್ಲಿ ಒಬ್ಬ ಮಾಲೀಕ ಹುಲಿ, ಸಿಂಹ, ಕರಡಿಗಳನ್ನು ಪಂಜರದಿಂದ ಬಿಟ್ಟು ತನ್ನ ಪ್ರಾಣ ತಾನೇ ತೆಗೆದುಕೊಂಡ. ಪೊಲೀಸರು ಆ ಪ್ರಾಣಿಗಳಲ್ಲಿ ಹೆಚ್ಚಿನವನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಮರುವರ್ಷವೇ ಅಲ್ಲಿ ಬಂದ ಕಾನೂನಿನಲ್ಲಿ ಪ್ರಾಣಿಗಳ ಸಂಖ್ಯೆಗೆ ತಕ್ಕಂತೆ 250,000 ಡಾಲರಿನಿಂದ 10 ಲಕ್ಷ ಡಾಲರಿನವರೆಗೆ ವಿಮೆ ಕಡ್ಡಾಯ. 2022ರ ಡಿಸೆಂಬರಿನಲ್ಲಿ ಬಂದ ಫೆಡರಲ್ ಕಾಯಿದೆಯ ನಂತರ ಹುಲಿ, ಸಿಂಹ, ಚಿರತೆಗಳನ್ನು ಮನೆಯಲ್ಲಿ ಹೊಸದಾಗಿ ಸಾಕುವ ದಾರಿ ದೇಶದಾದ್ಯಂತ ಮುಚ್ಚಿಹೋಗಿದೆ.

ನಮ್ಮವರಿಗೆ ಒಂದು ಮಾತು. ಊರಿನಲ್ಲಿ ಪಂಜರದಲ್ಲಿ ನೋಡಿ ಬೆಳೆದ ಕೆಂಪು ಕೊರಳಪಟ್ಟಿಯ ಹಸಿರು ಗಿಳಿ ಇಲ್ಲಿ ‘ಇಂಡಿಯನ್ ರಿಂಗ್‌ನೆಕ್’ ಎಂಬ ಹೆಸರಿನಲ್ಲಿ ಬ್ರೀಡರ್‌ಗಳ ಹತ್ತಿರ ಸಿಗುತ್ತದೆ. ಭಾರತದಲ್ಲಿ ಅದನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ನಕ್ಷತ್ರ ಆಮೆಯ ಕಥೆ ಇನ್ನೂ ಬಿಗಿ: 2019ರಿಂದ ಅದು ಅಪಾಯದಲ್ಲಿರುವ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ಅಂದರೆ ಅಂತರರಾಷ್ಟ್ರೀಯ ವ್ಯಾಪಾರ ಹೆಚ್ಚುಕಡಿಮೆ ಬಂದ್. ಊರಿನಿಂದ ತರುವ ಯೋಚನೆ ಕನಸಿನಲ್ಲೂ ಬೇಡ. ಇಲ್ಲೇ ಹುಟ್ಟಿ ಬೆಳೆದದ್ದನ್ನು ಕೊಂಡರೂ ಬ್ರೀಡರ್ ಕೊಟ್ಟ ರಸೀದಿ, ‘ಇಲ್ಲೇ ಮರಿಯಾದದ್ದು’ ಎಂಬ ಬರಹ ಜೋಪಾನವಾಗಿ ಇಟ್ಟುಕೊಳ್ಳಿ. ಕಂಪನಿ ಕೇಳುವ ಮೊದಲ ಕಾಗದ ಅದೇ.

## ಹೆಜ್ಜೆ 2: ಒಂದು ಫೈಲ್ ಕಟ್ಟಿ

ನಾನು ಮಾಡಿದ ಫೈಲಿನಲ್ಲಿ ಏನಿದೆ ಹೇಳುತ್ತೇನೆ. ಪ್ರತಿ ಪ್ರಾಣಿಗೆ ಒಂದು ಹಾಳೆ: ಜಾತಿ (ವೈಜ್ಞಾನಿಕ ಹೆಸರಿನ ಜತೆ), ವಯಸ್ಸು, ಉದ್ದ, ತೂಕ, ಎಲ್ಲಿಂದ ಬಂತು, ಇದುವರೆಗೆ ಯಾರನ್ನಾದರೂ ಕಚ್ಚಿದೆಯೇ. ವೈಜ್ಞಾನಿಕ ಹೆಸರು ಯಾಕೆ ಅಂದರೆ, ಅರ್ಜಿಯಲ್ಲಿ ‘ಪೈಥಾನ್’ ಎಂದಷ್ಟೇ ಬರೆದರೆ ಓದುವವರ ಕಣ್ಣ ಮುಂದೆ ಇಪ್ಪತ್ತು ಅಡಿಯ ಹೆಬ್ಬಾವು ಬಂದು ನಿಲ್ಲುತ್ತದೆ. ಬಾಲ್ ಪೈಥಾನ್ ನಾಲ್ಕೈದು ಅಡಿಯದ್ದು, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುತ್ತದೆ ಎಂದು ಬರೆದಾಗ ಚಿತ್ರವೇ ಬದಲಾಗುತ್ತದೆ.

ಎರಡನೆಯದು ಫೋಟೋಗಳು. ನಮ್ಮ ಹಾವಿನ ಪೆಟ್ಟಿಗೆಯ ಮುಂದಿನ ಗಾಜಿಗೆ ಬೀಗವಿದೆ, ಬೀಗ ಹಾಕಿದ ಸ್ಥಿತಿಯಲ್ಲಿ ಒಂದು ಚಿತ್ರ. ಕೋಣೆಯ ಬಾಗಿಲಿನ ಬುಡದ ಸಂದಿಗೆ ಬ್ರಶ್ ಪಟ್ಟಿ ಹಾಕಿದ್ದೇವೆ, ಅದೊಂದು ಚಿತ್ರ. ಹಿತ್ತಲಿನ ಬೇಲಿಯ ಬುಡದಲ್ಲಿ ಎರಡು ಅಡಿ ಆಳಕ್ಕೆ ಕಾಂಕ್ರೀಟ್ ಬ್ಲಾಕ್ ಹೂತು ಆಮೆ ತೋಡದಂತೆ ಮಾಡಿದ ಕೆಲಸದ ಚಿತ್ರ. ಬಿಸಿ ದೀಪದ ಚಿತ್ರ ಬೇರೆಯಾಗಿ ತೆಗೆದೆ, ಏಕೆಂದರೆ ಸರೀಸೃಪ ಸಾಕಿದ ಮನೆಯಲ್ಲಿ ಹಾವಿಗಿಂತ ದೊಡ್ಡ ಅಪಾಯ ಆ ದೀಪ. ಕ್ಲಿಪ್ಪಿನಲ್ಲಿ ಸಿಕ್ಕಿಸಿದ ದೀಪ ಜಾರಿ ಕಾರ್ಪೆಟ್ ಮೇಲೋ ಒಣಹುಲ್ಲಿನ ಮೇಲೋ ಬಿದ್ದರೆ ಬೆಂಕಿ ಹೊತ್ತಲು ಎಷ್ಟು ಹೊತ್ತು? ನಮ್ಮದನ್ನು ಸ್ಕ್ರೂ ಹಾಕಿ ಬಿಗಿದು, ಥರ್ಮೋಸ್ಟಾಟಿಗೆ ಜೋಡಿಸಿದ್ದೇವೆ. ಬಿಸಿಯ ಕಡೆ 32 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಾನೇ ಆರಿಹೋಗುತ್ತದೆ. ಕೋಣೆಯ ಚಾವಣಿಯಲ್ಲಿ ಹೊಗೆ ಅಲಾರಂ ಇದೆ. ಏಜೆಂಟರು ಆಮೇಲೆ ಹೇಳಿದ್ದು, ಅಂಡರ್‌ರೈಟರ್ (ಪಾಲಿಸಿ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವ ಕಂಪನಿಯ ವ್ಯಕ್ತಿ) ಒಪ್ಪಿದ್ದು ಹಾವಿನ ಚಿತ್ರ ನೋಡಿ ಅಲ್ಲ, ಆ ಥರ್ಮೋಸ್ಟಾಟಿನ ಚಿತ್ರ ನೋಡಿ ಅಂತ.

ಮೀನಿನ ದೊಡ್ಡ ತೊಟ್ಟಿ ಇರುವವರು ತೂಕ ಬರೆಯಿರಿ. 75 ಗ್ಯಾಲನ್ ತೊಟ್ಟಿಯಲ್ಲಿ ನೀರೇ ಸುಮಾರು 284 ಕಿಲೋ, ಕಲ್ಲು, ಗಾಜು, ಸ್ಟ್ಯಾಂಡು ಬೇರೆ. ಮೇಲಂತಸ್ತಿನಲ್ಲಿಟ್ಟಿದ್ದರೆ ನೆಲ ತಡೆಯುತ್ತದೆಯೇ ನೋಡಿಸಿ. ತೊಟ್ಟಿ ಒಡೆದು ನೀರು ಹರಿದರೆ ಮರದ ನೆಲಕ್ಕೂ (‘ಎ’ ಭಾಗ) ಸೋಫಾಕ್ಕೂ (‘ಸಿ’ ಭಾಗ) ಒಂದೇ ನಿಯಮ ಅನ್ವಯಿಸುವುದಿಲ್ಲ. ಎರಡನ್ನೂ ಬೇರೆಬೇರೆ ಕೇಳಿ.

ಮೂರನೆಯದು ಪರ್ಮಿಟ್ಟು, ಪಶುವೈದ್ಯರ ದಾಖಲೆ. ನಾಲ್ಕನೆಯದು ನಿಮ್ಮದೇ ಹಳೆಯ ಕ್ಲೈಮ್‌ಗಳ ವರದಿ. ಲೆಕ್ಸಿಸ್‌ನೆಕ್ಸಿಸ್ ಎಂಬ ಸಂಸ್ಥೆ ಇಡುವ ಕ್ಲೂ ಎಂಬ ಈ ವರದಿಯಲ್ಲಿ ಏಳು ವರ್ಷಗಳವರೆಗಿನ ಕ್ಲೈಮ್‌ಗಳು ಇರುತ್ತವೆ, ವರ್ಷಕ್ಕೊಮ್ಮೆ ಉಚಿತವಾಗಿ ತರಿಸಿಕೊಳ್ಳಬಹುದು. ಕಂಪನಿ ಅದನ್ನು ನೋಡಿಯೇ ನೋಡುತ್ತದೆ, ನೀವೂ ಮೊದಲೇ ನೋಡಿ.

## ಹೆಜ್ಜೆ 3: ಹೇಳಿ, ಬರೆದು ಹೇಳಿ

ಮುಚ್ಚಿಟ್ಟರೆ ಏನಾಗುತ್ತದೆ? ಅರ್ಜಿಯಲ್ಲಿ ಮುಖ್ಯ ಸಂಗತಿಯನ್ನು ತಪ್ಪಾಗಿ ಹೇಳಿದ್ದರೆ ಕಂಪನಿ ಪಾಲಿಸಿಯನ್ನು ಮೊದಲ ದಿನದಿಂದಲೇ ಇಲ್ಲವೆಂದು ಸಾಧಿಸಬಹುದು. ಆಗ ಪ್ರಾಣಿಗೆ ಸಂಬಂಧವೇ ಇಲ್ಲದ ಆಲಿಕಲ್ಲಿನ ಹಾನಿಯ ಕ್ಲೈಮೂ ತಕರಾರಿಗೆ ಸಿಕ್ಕಿಕೊಳ್ಳುತ್ತದೆ. ಹೊಸ ಪಾಲಿಸಿಯ ಮೊದಲ 60 ದಿನ ಇನ್ನೂ ನಾಜೂಕು: ಆ ಅವಧಿಯಲ್ಲಿ ಹತ್ತು ದಿನದ ನೋಟಿಸ್ ಕೊಟ್ಟು ಬಹುತೇಕ ಯಾವ ಕಾರಣಕ್ಕೂ ರದ್ದು ಮಾಡುವ ಅವಕಾಶ ಸಾಮಾನ್ಯ ನಮೂನೆಯಲ್ಲೇ ಇದೆ. ನಮಗೆ ಆದದ್ದು ಅದೇ.

ರದ್ದಾದರೆ ಮನೆಸಾಲದ ಬ್ಯಾಂಕು ಸುಮ್ಮನಿರುವುದಿಲ್ಲ. ಮೊದಲು ನೋಟಿಸ್ ಕೊಡುತ್ತದೆ, ಕನಿಷ್ಠ 45 ದಿನ ಕಾಯುತ್ತದೆ, ಆಮೇಲೆ ತಾನೇ ಒಂದು ವಿಮೆ ಮಾಡಿಸಿ ದುಡ್ಡು ನಿಮ್ಮಿಂದ ವಸೂಲಿ ಮಾಡುತ್ತದೆ. ಅದು ದುಬಾರಿ. ಅದು ಕಾಯುವುದು ಬ್ಯಾಂಕಿನ ಹಿತವನ್ನು, ನಿಮ್ಮ ಸಾಮಾನನ್ನೂ ಹೊಣೆಗಾರಿಕೆಯನ್ನೂ ಅಲ್ಲ.

ಏಜೆಂಟ್ "ಬೇಡ ಬಿಡಿ" ಅಂದರೆ, ಒಂದು ಇಮೇಲ್ ಕಳಿಸಿ. ನಾನು ಈಗ ಕಳಿಸುವ ಇಮೇಲಿನ ಒಕ್ಕಣೆ ಹೀಗಿರುತ್ತದೆ: "ನಮ್ಮ ಮನೆಯಲ್ಲಿ ಒಂದು ಬಾಲ್ ಪೈಥಾನ್, ಒಂದು ಸಲ್ಕಾಟಾ ಆಮೆ ಇವೆ. ವಿವರ, ಫೋಟೋ ಲಗತ್ತಿಸಿದ್ದೇನೆ. ಇವುಗಳಿಂದ ಹೊರಗಿನವರಿಗೆ ಗಾಯವಾದರೆ ಹೊಣೆಗಾರಿಕೆ ಭಾಗದಲ್ಲಿ ಪೂರ್ತಿ ಮೊತ್ತ ಸಿಗುತ್ತದೆಯೇ? ಇಲ್ಲವಾದರೆ ಯಾವ ಎಂಡಾರ್ಸ್‌ಮೆಂಟ್‌ನಿಂದ? ಅದರ ಪ್ರತಿ ಕಳಿಸಿ. ಅಂಡರ್‌ರೈಟರ್ ಇದನ್ನು ನೋಡಿ ಒಪ್ಪಿದ್ದಾರೆಂದು ಬರೆದು ತಿಳಿಸಿ." ಫೋನಿನಲ್ಲಿ ಎಷ್ಟು ನಯವಾಗಿ ಹೂಂ ಅಂದರೂ, ಈ ಇಮೇಲಿಗೆ ಉತ್ತರ ಬರುವವರೆಗೆ ಸಹಿ ಹಾಕಬೇಡಿ.

ಅಪ್ಪ-ಅಮ್ಮ ಊರಿನಿಂದ ಬಂದು ಆರು ತಿಂಗಳು ಇರುವ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ. ‘ಇ’ ಮತ್ತು ‘ಎಫ್’ ಭಾಗಗಳು ಇರುವುದು ಹೊರಗಿನವರಿಗೆ. ಅದೇ ಮನೆಯಲ್ಲಿ ವಾಸಿಸುವ ನೆಂಟರು ಪಾಲಿಸಿಯ ದೃಷ್ಟಿಯಲ್ಲಿ ‘ಮನೆಯವರು’, ಅವರ ಗಾಯಕ್ಕೆ ಪರಿಹಾರ ಇಲ್ಲ. ಆರು ತಿಂಗಳಿಗೆ ಬಂದ ಅತ್ತೆ ಅತಿಥಿಯೋ ಮನೆಯವರೋ ಎಂಬ ವಾದ ಏಳಬಹುದು. ಅವರಿಗೆ ವಿಸಿಟರ್ ಹೆಲ್ತ್ ಇನ್ಶೂರೆನ್ಸ್ ಮಾಡಿಸಿಯೇ ಕರೆಸಿಕೊಳ್ಳಿ. ವಯಸ್ಸಾದವರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಆಮೆ, ಹಾವು, ಹಲ್ಲಿಗಳಿಂದ ಸಾಲ್ಮೊನೆಲ್ಲಾ ಸೋಂಕು ತಗುಲಿದರೆ ಗಂಭೀರವಾಗುತ್ತದೆ. ನಾಲ್ಕು ಅಂಗುಲಕ್ಕಿಂತ ಸಣ್ಣ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು ಅಮೆರಿಕ 1975ರಲ್ಲೇ ನಿಷೇಧಿಸಿದ್ದು ಇದಕ್ಕೇ. ನಮ್ಮ ಅತ್ತೆ ಬಂದಾಗ ಆಮೆ ಮುಟ್ಟಿದ ಕೈ ಅಡುಗೆಮನೆಯ ಸಿಂಕಿಗೆ ಹೋಗದಂತೆ ಹಿತ್ತಲ ನಲ್ಲಿಯ ಹತ್ತಿರವೇ ಸೋಪು ಇಟ್ಟಿದ್ದೆವು.

## ಹೆಜ್ಜೆ 4: ಎಲ್ಲಿ ಕೇಳಬೇಕು

ಟಿವಿಯಲ್ಲಿ ಜಾಹೀರಾತು ಕೊಡುವ ದೊಡ್ಡ ಕಂಪನಿಯ ವೆಬ್‌ಸೈಟಿನಲ್ಲಿ ಕೋಟ್ ತೆಗೆಯುವುದು ಇಂಥ ಮನೆಗೆ ಸರಿಹೋಗುವುದಿಲ್ಲ. ಅಲ್ಲಿನ ಪಟ್ಟಿಯಲ್ಲಿ ನಿಮ್ಮ ಪ್ರಾಣಿಗೆ ಜಾಗವೇ ಇರುವುದಿಲ್ಲ. ಒಂದೇ ಕಂಪನಿಗೆ ದುಡಿಯುವ ಏಜೆಂಟ್ ಬದಲು ಹತ್ತಾರು ಕಂಪನಿಗಳ ಪಾಲಿಸಿ ಮಾರುವ ಸ್ವತಂತ್ರ ಏಜೆಂಟರನ್ನು ಹಿಡಿಯಿರಿ. ಯಾವ ಕಂಪನಿ ಗಿಳಿಗೆ ತಕರಾರು ಮಾಡುವುದಿಲ್ಲ, ಯಾವುದು ಹಾವಿನ ಹೆಸರು ಕೇಳಿದರೆ ಫೈಲ್ ಮುಚ್ಚುತ್ತದೆ ಎಂಬುದು ಅವರ ಬಾಯಲ್ಲೇ ಇರುತ್ತದೆ. ನಿಮ್ಮ ಊರಿನ ಸರೀಸೃಪ ಪಶುವೈದ್ಯರನ್ನೋ ಪ್ರಾಣಿ ಸಾಕುವವರ ಸಂಘವನ್ನೋ ಕೇಳಿದರೆ ಅಂಥ ಏಜೆಂಟರ ಹೆಸರು ಸಿಗುತ್ತದೆ. ನಮಗೆ ಸಿಕ್ಕಿದ್ದು ಆಮೆಯ ವೈದ್ಯರಿಂದ.

ರಾಜ್ಯದ ಪರವಾನಗಿ ಪಡೆದ ಸಾಮಾನ್ಯ ಕಂಪನಿಗಳೆಲ್ಲ ಒಲ್ಲೆ ಅಂದರೆ ಸರ್‌ಪ್ಲಸ್ ಲೈನ್ಸ್ ಎಂಬ ಇನ್ನೊಂದು ಮಾರುಕಟ್ಟೆ ಇದೆ. ವಿಚಿತ್ರ, ಕಷ್ಟದ ವಿಮೆಗಳನ್ನು ಬರೆಯುವ ಕಂಪನಿಗಳು ಅಲ್ಲಿವೆ. ಲಂಡನ್ನಿನ ಲಾಯ್ಡ್ಸ್ ಅಲ್ಲಿನ ಹಳೆಯ ಹೆಸರು. ಅಲ್ಲಿಗೆ ಹೋಗುವ ಮೊದಲು ಸಾಮಾನ್ಯ ಕಂಪನಿಗಳು ನಿರಾಕರಿಸಿದ್ದನ್ನು ಏಜೆಂಟ್ ದಾಖಲಿಸಬೇಕೆಂಬ ನಿಯಮ ಎಷ್ಟೋ ರಾಜ್ಯಗಳಲ್ಲಿದೆ, ಹಾಗಾಗಿ ನಿರಾಕರಣೆಯ ಪತ್ರಗಳನ್ನು ಎಸೆಯಬೇಡಿ. ಪ್ರೀಮಿಯಂ ಜಾಸ್ತಿ, ಅದರ ಮೇಲೆ ತೆರಿಗೆ ಬೇರೆ. ಒಂದು ವೇಳೆ ಕಂಪನಿ ದಿವಾಳಿಯಾದರೆ ರಾಜ್ಯದ ಗ್ಯಾರಂಟಿ ಫಂಡ್ ಸಾಮಾನ್ಯವಾಗಿ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಹಾಗಾಗಿ ವಿಮೆ ಕಂಪನಿಗಳ ಆರ್ಥಿಕ ಬಲ ಅಳೆಯುವ ಎ.ಎಂ. ಬೆಸ್ಟ್ ಸಂಸ್ಥೆ ಆ ಕಂಪನಿಗೆ ಕೊಟ್ಟಿರುವ ದರ್ಜೆ ನೋಡಿಯೇ ಮುಂದುವರಿಯಿರಿ.

ಕೊನೆಯ ಆಸರೆಯೆಂದು ಹೇಳುವ ಫೇರ್ ಪ್ಲಾನ್ ಬಗ್ಗೆ ಎಚ್ಚರ. ಉದಾಹರಣೆಗೆ ಕ್ಯಾಲಿಫೋರ್ನಿಯಾದ ಫೇರ್ ಪ್ಲಾನ್ ಬೆಂಕಿಯಂಥ ಆಪತ್ತಿನಿಂದ ಮನೆಯನ್ನು ಕಾಯುತ್ತದೆ, ಹೊಣೆಗಾರಿಕೆಯ ಭಾಗ ಅದರಲ್ಲಿಲ್ಲ. ಬ್ಯಾಂಕಿಗೆ ಸಮಾಧಾನವಾಗಬಹುದು, ನಿಮ್ಮ ಮುಖ್ಯ ಚಿಂತೆ ಹಾಗೇ ಉಳಿಯುತ್ತದೆ.

## ಹೆಜ್ಜೆ 5: ಕೋಟ್‌ಗಳನ್ನು ತೂಗುವುದು

ಮೂರು ಬಗೆಯ ಉತ್ತರ ಬರುತ್ತವೆ. ಪ್ರಾಣಿಯ ಸಮೇತ ಪೂರ್ತಿ ಮೊತ್ತಕ್ಕೆ ಒಪ್ಪುವ ಕಂಪನಿ ಸಿಕ್ಕರೆ, ವರ್ಷಕ್ಕೆ ಇನ್ನೂರು-ಮುನ್ನೂರು ಡಾಲರ್ ಹೆಚ್ಚಾದರೂ ನಾನು ಅದನ್ನೇ ಆರಿಸುತ್ತೇನೆ. ಒಪ್ಪಿ ಮಿತಿ ಹಾಕುವ ಕಂಪನಿಯಾದರೆ ಉಳಿದ ಮೊತ್ತ ಎಲ್ಲಿಂದ ಎಂದು ಯೋಚಿಸಬೇಕು. ಪ್ರಾಣಿಯನ್ನು ಪೂರ್ತಿ ಹೊರಗಿಟ್ಟು ಮನೆಗೆ ಮಾತ್ರ ಪಾಲಿಸಿ ಕೊಡುವ ಕಂಪನಿಯಾದರೆ, ಪ್ರಾಣಿಗೇ ಪ್ರತ್ಯೇಕವಾದ ಹೊಣೆಗಾರಿಕೆ ಪಾಲಿಸಿ ಹುಡುಕಬೇಕು. ಅಂಥವೂ ಇವೆ, ಹೆಚ್ಚಾಗಿ ಸರ್‌ಪ್ಲಸ್ ಲೈನ್ಸ್‌ನಲ್ಲಿ.

ಹೊಣೆಗಾರಿಕೆಗೆ 100,000 ಡಾಲರ್ ಎಂಬುದು ಇವತ್ತಿನ ಆಸ್ಪತ್ರೆ ಬಿಲ್ಲಿನ ಮುಂದೆ ಸಾಲದು. ಕನಿಷ್ಠ 300,000 ಇರಲಿ. ಅದರ ಮೇಲೆ 10 ಲಕ್ಷ ಡಾಲರಿನ ಅಂಬ್ರೆಲಾ ಪಾಲಿಸಿ, ಅಂದರೆ ಮನೆ ಪಾಲಿಸಿಯ ಮಿತಿ ಮುಗಿದ ಮೇಲೆ ನೆರವಾಗುವ ಇನ್ನೊಂದು ಹೊಣೆಗಾರಿಕೆ ಪಾಲಿಸಿ, ಕೊಳ್ಳಬಹುದು. ಆದರೆ ಇಲ್ಲೇ ಬಹಳ ಜನ ಮೋಸ ಹೋಗುವುದು: ಕೆಳಗಿನ ಪಾಲಿಸಿಯಲ್ಲಿ ಪ್ರಾಣಿ ಹೊರಗಿದ್ದರೆ ಮೇಲಿನ ಕೊಡೆಯಡಿಯಲ್ಲೂ ಸಾಮಾನ್ಯವಾಗಿ ಅದಕ್ಕೆ ಜಾಗವಿರುವುದಿಲ್ಲ. ಅಂಬ್ರೆಲಾ ಮಾರುವವರಿಗೂ ಅದೇ ಇಮೇಲ್ ಕಳಿಸಿ.

ಮರಿ ಮಾಡಿಸಿ ಮಾರುವವರಿಗೆ ಒಂದು ಎಚ್ಚರಿಕೆ. ಮನೆ ಪಾಲಿಸಿ ವ್ಯಾಪಾರದ ಹೊಣೆಯನ್ನು ಹೊರುವುದಿಲ್ಲ. ಹಿಂದಿನ ಹನ್ನೆರಡು ತಿಂಗಳಲ್ಲಿ ಪಾಲಿಸಿಯಲ್ಲಿ ಹೇಳಿದ ಮಿತಿಗಿಂತ ಹೆಚ್ಚು ಸಂಪಾದನೆಯಾಗಿದ್ದರೆ ಸಾಮಾನ್ಯ ನಮೂನೆಯಂತೆ ಅದು ವ್ಯಾಪಾರವೇ. ಗೆಕ್ಕೊ ಮರಿ ಮಾರುವ ಕಾಲೇಜು ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಶಾಲೆಗೆ ಹಾವು ತೋರಿಸಲು ಕರೆದೊಯ್ಯುವವರೂ ಕೇಳಿಕೊಳ್ಳಬೇಕು.

ಬಾಡಿಗೆ ಮನೆಯವರು ಎಚ್‌ಓ-4ಕ್ಕೂ ಇವೇ ಪ್ರಶ್ನೆಗಳನ್ನು ಕೇಳಿ, ಜತೆಗೆ ಮನೆ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ.

## ಪಾಲಿಸಿ ಕೈಗೆ ಬಂದ ಮೇಲೆ

ಇಡೀ ಪಾಲಿಸಿ ತರಿಸಿಕೊಳ್ಳಿ, ಮೊದಲ ಪುಟ ಒಂದೇ ಸಾಲದು. ಅದರ ಎಂಡಾರ್ಸ್‌ಮೆಂಟ್ ಪಟ್ಟಿಯ ಸಂಖ್ಯೆಗಳನ್ನು ಪಾಲಿಸಿಯ ಕೊನೆಯಲ್ಲಿರುವ ಹಾಳೆಗಳ ಜತೆ ಒಂದೊಂದಾಗಿ ತಾಳೆ ನೋಡಿ. ಹೊಸ ಪ್ರಾಣಿ ಬಂದರೆ, ಇದ್ದದ್ದು ತೀರಿಕೊಂಡರೆ, ಪೆಟ್ಟಿಗೆಯನ್ನು ಬೇರೆ ಕೋಣೆಗೆ ಸಾಗಿಸಿದರೆ ಏಜೆಂಟರಿಗೆ ಒಂದು ಸಾಲು ಬರೆಯಿರಿ. ಪ್ರತಿ ವರ್ಷ ರಿನ್ಯೂವಲ್ ಬಂದಾಗ ಎಂಡಾರ್ಸ್‌ಮೆಂಟ್ ಪಟ್ಟಿಯನ್ನು ಹಿಂದಿನ ವರ್ಷದ್ದರ ಪಕ್ಕ ಇಟ್ಟು ನೋಡಿ. ಹೊಸ ಹಾಳೆಯೊಂದು ಸೇರಿಕೊಂಡು ಪ್ರಾಣಿಯನ್ನು ಹೊರಗೆ ಹಾಕುವುದು ಸಾಮಾನ್ಯವಾಗಿ ಆಗಲೇ.

ಯಾರಿಗಾದರೂ ಗಾಯವಾದರೆ ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾಣಿಯನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿ. ಬೇಲಿ, ಬಾಗಿಲು, ಬೀಗ ಹೇಗಿದ್ದವೋ ಹಾಗೇ ಫೋಟೋ ತೆಗೆಯಿರಿ, ಅವತ್ತೇ ಕಂಪನಿಗೆ ತಿಳಿಸಿ. "ಆಸ್ಪತ್ರೆ ಖರ್ಚೆಲ್ಲ ನಾನೇ ಕೊಡ್ತೀನಿ" ಎಂದು ನೋವಿನ ಭರದಲ್ಲಿ ಮಾತು ಕೊಡಬೇಡಿ. ಸ್ನೇಹಿತರ ಮಗುವಾದರೆ ಬಾಯಿ ತಡೆಯುವುದು ಕಷ್ಟ ಎಂದು ನನಗೆ ಗೊತ್ತು, ಆದರೆ ಕಂಪನಿಯ ಒಪ್ಪಿಗೆಯಿಲ್ಲದೆ ನೀವು ಒಪ್ಪಿಕೊಂಡ ಖರ್ಚನ್ನು ಅದು ಭರಿಸದಿರಬಹುದು. ‘ಎಫ್’ ಭಾಗದಲ್ಲಿ ಸಾವಿರದಿಂದ ಐದು ಸಾವಿರ ಡಾಲರ್ ತನಕ, ತಪ್ಪು ಯಾರದೆಂದು ಕೇಳದೆ ಚಿಕಿತ್ಸೆಗೆ ಕೊಡುತ್ತಾರೆ. ಸಣ್ಣ ಗಾಯಕ್ಕೆ ಅದೇ ಸಾಕಾಗುತ್ತದೆ. ನಿಮ್ಮ ಪ್ರಾಣಿ ಮನೆಯಿಂದ ಹೊರಗೆ, ಪಾರ್ಕಿನಲ್ಲಿ ಗಾಯ ಮಾಡಿದರೂ ಆ ಭಾಗ ಅನ್ವಯಿಸುತ್ತದೆ, ಎಂಡಾರ್ಸ್‌ಮೆಂಟ್ ಅದನ್ನು ಕಿತ್ತುಕೊಂಡಿಲ್ಲದಿದ್ದರೆ.

ಕ್ಲೈಮ್ ಅನ್ಯಾಯವಾಗಿ ತಿರಸ್ಕೃತವಾಯಿತು ಅನ್ನಿಸಿದರೆ, ಯಾವ ಕಲಮಿನ ಪ್ರಕಾರ ಎಂದು ಬರೆದು ಕೊಡಲು ಕೇಳಿ. ಆಮೇಲೆ ನಿಮ್ಮ ರಾಜ್ಯದ ಇನ್ಶೂರೆನ್ಸ್ ಇಲಾಖೆಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಹಳೆಯ ಇಮೇಲು, ಫೋಟೋ ಎಲ್ಲ ಆಗ ಬೇಕಾಗುತ್ತವೆ. ನಮ್ಮ ಫೈಲು ಅಡುಗೆಮನೆಯ ಮೇಲಿನ ಡ್ರಾಯರಿನಲ್ಲಿದೆ, ಮಗನಿಗೂ ಅದರ ಜಾಗ ಗೊತ್ತು. ತಿಂಗಳ ಮೊದಲ ಭಾನುವಾರ ಆಮೆಯ ತೂಕ ನೋಡಿ ಅದರಲ್ಲಿ ಬರೆಯುವುದು ಅವನ ಕೆಲಸ.